ಉಣ್ಣದೆ ಬಂದ ಮದುವೆ

ಏನನ್ನಾದರೂ ನೋಡಿ ಅದು ಹೇಗಿತ್ತೆಂದು ಬರೆಯುವ ಕೆಲಸವನ್ನು ಎಪ್ಪತ್ತನಾಲ್ಕು ವರ್ಷ ನನಗೆ ಯಾರೂ ಹಚ್ಚಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸಾದವನು. ಜೀವನದಲ್ಲಿ ಬರೆದದ್ದೆಲ್ಲ ಗೋಕಾಕದ ಒಂದು ಸಣ್ಣ ಸರ್ಕಾರಿ ಕಚೇರಿಯ ಟಪಾಲು ರಿಜಿಸ್ಟರಿನಲ್ಲಿದೆ. ಯಾವ ಕಾಗದ ಬಂತು, ಯಾವುದು ಹೋಯಿತು, ಅಷ್ಟೇ. ಒಳಗೆ ಏನಿದೆಯೆಂದು ಓದುವ ಜವಾಬ್ದಾರಿ ನನ್ನದಾಗಿರಲಿಲ್ಲ. ಈಗ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ಪೂಜಾ ಆ ಜವಾಬ್ದಾರಿಯನ್ನು ಹೊರಿಸಿದ್ದಾಳೆ. ಅವಳೂ ಗೆಳತಿಯರೂ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು, ನೋಡಿದ ಧಾರಾವಾಹಿಗಳ ವಿಮರ್ಶೆ ಬರೆಯುತ್ತಾರಂತೆ.

"ಅಜ್ಜಾ, ನೀ ಮೂವತ್ತೆಂಟ ವರ್ಷ ಆಫೀಸ್ನಾಗ ಕುಂತಾಂವ. ಇದೂ ಆಫೀಸಿಂದನ ಕಥಿ. ನೋಡಿ ಐದರಾಗ ಎಷ್ಟ ಸ್ಟಾರ್ ಕೊಡ್ತಿ ಹೇಳು," ಎಂದು ಹೋದ ರವಿವಾರ ಹುಕ್ಕೇರಿಯ ನಮ್ಮ ಮನೆಗೆ ಬಂದವಳು ಟಿವಿ ಹಚ್ಚಿ ಕೂಡಿಸಿದಳು.

ನೋಡಿದೆ. ಯಾವುದೋ ದೊಡ್ಡ ಊರಿನ ಆಫೀಸು, ಎಂಟು ಮಂದಿ ನೌಕರರು. ಯಾರೂ ಕೆಲಸ ಮಾಡುವುದಿಲ್ಲ. ಇಷ್ಟರಿಂದಲೇ ಬರೆದವರು ಅನುಭವಸ್ಥರೆಂದು ಗೊತ್ತಾಗುತ್ತದೆ. ಆದರೆ ಯಾರ ಮೇಜಿನ ಮೇಲೂ ಒಂದು ಫೈಲು ಕಾಣಲಿಲ್ಲ. ಕೆಲಸ ನಡೆಯದ ಕಚೇರಿಯಲ್ಲಿಯೇ ಫೈಲುಗಳು ಹೆಚ್ಚು ಎಂಬುದು ಇವರಿಗೆ ತಿಳಿಯದು. ಅರ್ಧ ಸ್ಟಾರ್ ಕಡಿದೆ. ಇನ್ನು, ಅಲ್ಲಿ ಯಾರಾದರೂ ಬಾಯಿ ತೆಗೆದರೆ ಸಾಕು, ಎಲ್ಲಿಯೋ ಕುಳಿತ ಕಾಣದ ಮಂದಿ ಗೊಳ್ಳೆಂದು ನಗುತ್ತಾರೆ. ಮೊದಲು ಬಾಜೂ ಮನೆಯವರು ನಮ್ಮನ್ನು ನೋಡಿ ನಗುತ್ತಿದ್ದಾರೆಂದು ತಿಳಿದು ನಾನು ಕಿಟಕಿ ಹಾಕಿದೆ.

ಆ ದಿನದ ಕಂತಿನಲ್ಲಿ ಆಫೀಸಿನ ಒಬ್ಬ ಹುಡುಗಿಯ ಮದುವೆ. ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕುಳಿತು ಲೆಕ್ಕ ಬರೆಯುವ ಹುಡುಗಿ ಅವಳು. ಸಹೋದ್ಯೋಗಿಗಳೆಲ್ಲ ಹೊರಡುತ್ತಾರೆ. ಮೇಲಧಿಕಾರಿ ತಪ್ಪಿ ಬೇರೊಂದು ಕಲ್ಯಾಣ ಮಂಟಪಕ್ಕೆ ಹೋಗಿ, ಗುರುತಿಲ್ಲದ ವಧೂವರರಿಗೆ ಆಶೀರ್ವಾದ ಮಾಡಿ, ಹೊಟ್ಟೆ ತುಂಬ ಉಂಡು, ಕೈ ತೊಳೆಯುವಾಗ ಗೋಡೆಯ ಮೇಲಿನ ಹೆಸರು ಓದಿ ಗಾಬರಿಯಾಗುತ್ತಾನೆ. ಉಳಿದವರು ಉಡುಗೊರೆಗೆಂದು ತಂದ ಉಂಗುರ ಕಳೆದು, ಹುಡುಕಿ, ಜಗಳಾಡಿ ಹೊತ್ತು ಮಾಡುತ್ತಾರೆ. ಕೊನೆಗೆ ಅಡುಗೆಯವರು ಪಾತ್ರೆ ಬಳಿದು ಹೋದ ಮೇಲೆ, ಉಳಿದ ಅನ್ನವನ್ನು ಒಂದೇ ಬುಟ್ಟಿಯಲ್ಲಿ ಕಲಸಿ, ಮದುಮಗಳನ್ನು ನಡುವೆ ಕೂಡಿಸಿಕೊಂಡು ಎಲ್ಲರೂ ನೆಲದ ಮೇಲೆ ಕುಳಿತು ಕೈಹಾಕಿ ಉಣ್ಣುತ್ತಾರೆ. ಅಲ್ಲಿ ಮಾತಿಲ್ಲ. ಕಾಣದ ಮಂದಿಯೂ ಅಲ್ಲಿ ನಗಲಿಲ್ಲ.

"ಹೆಂಗೈತಿ ಅಜ್ಜಾ?" ಎಂದಳು ಪೂಜಾ. "ನಿಮ್ಮ ಆಫೀಸ್ನಾಗೂ ಹಿಂಗ ಎಲ್ಲಾರೂ ಕೂಡಿ ಮದವಿಗೆ ಹೋಗಿದ್ರೇನ?"

"ಹೋಗಿದ್ವಿ."

"ಏನ್ ಊಟಿತ್ತು?"

ಅವಳಿಗೆ ಊಟದ ಮೇಲೆ ಪ್ರೀತಿ, ಸಹಜವಾಗಿ ಕೇಳಿದಳು. ಏನು ಊಟವಿತ್ತೆಂದು ನನಗೆ ಗೊತ್ತಿರಲಿಲ್ಲ. ವಿಮರ್ಶೆ ಬರೆಯಲು ಕುಳಿತವನು ಆಚೆ ಹೊರಳಿದ್ದು ಇಲ್ಲಿಂದ.

ನಮ್ಮ ಕಚೇರಿಯಲ್ಲಿ ಆರು ಮಂದಿ. ಕಬ್ಬಿಣದ ಕಪಾಟು, ಹಳೆ ಕಾಗದದ ವಾಸನೆ, ಮಧ್ಯಾಹ್ನದ ಬಿಸಿಲಿಗೆ ತೂಕಡಿಸುವ ಫ್ಯಾನು, ಇವೆಲ್ಲದರ ಮೇಲೆ ಮಳೆ ಬಿದ್ದ ಹಾಗೆ ಪರಸಪ್ಪನ ಟೈಪ್‌ರೈಟರಿನ ಸಪ್ಪಳ. ಆ ಸಪ್ಪಳ ನಿಂತರೆ ನಾವೆಲ್ಲ ತಲೆಯೆತ್ತಿ ನೋಡುತ್ತಿದ್ದೆವು. ಅವನಷ್ಟು ಬೇಗ, ಅವನಷ್ಟು ತಪ್ಪಿಲ್ಲದೆ ಟೈಪ್ ಮಾಡುವವರು ಸುತ್ತಲಿನ ಯಾವ ಕಚೇರಿಯಲ್ಲೂ ಇರಲಿಲ್ಲ. ಅವನದು ಊರಾಚೆಯ ಕೇರಿ. ಮನೆಯವರು ಅದಾಗಲೇ ಬುದ್ಧನ ದಾರಿ ಹಿಡಿದಿದ್ದರು. ನಾನು ಬಸವಣ್ಣನ ಫೋಟೋಕ್ಕೆ ದಿನಾ ಕೈಮುಗಿಯುವ ಮನೆಯವನು, ಹೆಸರೂ ಬಸವಣ್ಣೆಪ್ಪ. ವರ್ಷಕ್ಕೊಮ್ಮೆ ಬಸವ ಜಯಂತಿಗೆ ಕಚೇರಿಯಲ್ಲಿ ನಾನೇ ನಿಂತು, ಎಲ್ಲರೂ ಒಂದೇ ಎಂದು ಹತ್ತು ನಿಮಿಷ ಮಾತಾಡುತ್ತಿದ್ದೆ. ಆ ಭಾಷಣವನ್ನು ಚೆನ್ನಾಗಿ ಟೈಪ್ ಮಾಡಿ ಕೊಡುತ್ತಿದ್ದವನು ಪರಸಪ್ಪ. ಊಟದ ಹೊತ್ತಿಗೆ ನಾವು ಐವರು ದೊಡ್ಡ ಮೇಜಿನ ಸುತ್ತ ಬುತ್ತಿ ಬಿಚ್ಚುತ್ತಿದ್ದೆವು. ಅವನು ತನ್ನ ಟೈಪ್‌ರೈಟರಿನ ಮುಂದೆಯೇ ಉಣ್ಣುತ್ತಿದ್ದ. ಬಾ ಎಂದು ನಾವು ಕರೆಯಲಿಲ್ಲ, ಬರಲೇ ಎಂದು ಅವನು ಕೇಳಲಿಲ್ಲ. ಅವನು ತಂದ ಕರದಂಟನ್ನು ಮಾತ್ರ ಎಲ್ಲರೂ ತಿನ್ನುತ್ತಿದ್ದೆವು. ಅದು ಅಂಗಡಿಯದು ನೋಡಿ.

ಅವನ ಮದುವೆ ಮಸಗುಪ್ಪಿಯಲ್ಲಿ ಆಯಿತು. ಆ ಊರಿನ ಹತ್ತಿರದ ಮೂಡಲಗಿ ಆಗಿನ್ನೂ ತಾಲೂಕಾಗಿರಲಿಲ್ಲ, ಅತ್ತಕಡೆ ಬಸ್ಸು ಕಡಿಮೆ. ಸಾಹೇಬರೇ ಒಂದು ಜೀಪು ಗೊತ್ತುಮಾಡಿದರು. ಗೋಕಾಕ ದಾಟುತ್ತಲೇ ಹೆಡ್‌ಕ್ಲಾರ್ಕರು ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದರು.

"ಹೋಗೂದು ಹೋಗೂಣು. ಊಟದ್ದ ಹೆಂಗ?"

ಜೀಪಿನಲ್ಲಿ ನೆವಗಳ ಹಂಚಿಕೆ ಶುರುವಾಯಿತು. ಸರ್ಕಾರಿ ಪದ್ಧತಿಯಂತೆ ಹಿರಿತನದ ಮೇಲೆಯೇ ನಡೆಯಿತು. ಸಾಹೇಬರು ಮೀಟಿಂಗು ಇಟ್ಟುಕೊಂಡರು. "ಹೊಟ್ಟಿ ಸರಿ ಇಲ್ಲ ಅಂತ ನಾ ಹೇಳ್ತೇನಿ, ಅದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು ಹೆಡ್‌ಕ್ಲಾರ್ಕರು. ಹುಕ್ಕೇರಿಯ ಬಸ್ಸು ತಪ್ಪುತ್ತದೆ ಎಂಬ ನೆವ ನ್ಯಾಯವಾಗಿ ನನ್ನದು. ಆದರೆ ನನಗಿಂತ ಮೂರು ವರ್ಷ ಹಿರಿಯನಾದ, ಗೋಕಾಕದಲ್ಲೇ ಸ್ವಂತ ಮನೆಯಿದ್ದ ಕ್ಯಾಶಿಯರು ಅದನ್ನು ತೆಗೆದುಕೊಂಡ. ಇನ್ನೊಬ್ಬ ಕ್ಲಾರ್ಕ್ ಅತ್ತೆಯನ್ನು ದವಾಖಾನೆಗೆ ಸೇರಿಸಿದ. ಕೊನೆಗೆ ಉಳಿದವನು ನಾನು.

"ಬಸಣ್ಣಾ, ನಿಂದೇನೋ?"

"ಏನೂ ಉಳಿದಿಲ್ಲಲ್ರಿ."

"ಇವತ್ತ ಸೋಮವಾರ. ಉಪಾಸ ಅನ್ನು. ದೇವರ ಹೆಸರ ಹೇಳಿದ್ರ ಯಾರೂ ಜುಲುಮಿ ಮಾಡೂದಿಲ್ಲ."

ಮದುವೆ ಸರಳವಾಗಿತ್ತು. ಬುದ್ಧನ ಫೋಟೋದ ಮುಂದೆ ಬಿಳಿ ಬಟ್ಟೆಯ ವಧೂವರರು ನಿಂತಿದ್ದರು. ಅಕ್ಕಿಕಾಳಿನ ಬದಲು ನಾವು ಹೂವಿನ ಎಸಳು ಹಾಕಿದೆವು. ಮದುಮಗಳು ಘೋಡಗೇರಿಯವಳು, ಹೆಸರು ಸುಜಾತಾ. ಕಾರ್ಯ ಮುಗಿದದ್ದೇ ತಡ ಪರಸಪ್ಪ ಕೊರಳ ಮಾಲೆಯೊಂದಿಗೇ ನಮ್ಮ ಕಡೆ ಓಡಿ ಬಂದ. "ಎಲಿ ಹಾಕ್ಯಾರ್ರಿ, ಬರ್ರಿ ಎಲ್ಲಾರೂ. ಸಾಹೇಬ್ರ, ಬರ್ರಿ." ನಾವು ಒಬ್ಬೊಬ್ಬರಾಗಿ ನಮ್ಮ ನಮ್ಮ ಪಾಲಿನದು ಒಪ್ಪಿಸಿದೆವು. ಅವನು ಎಲ್ಲರಿಗೂ ಹೂಂ, ಹೂಂ ಎಂದ. ನನ್ನ ಹತ್ತಿರ ಬಂದಾಗ ಮಾತ್ರ, "ಹೌದೇನ್ರಿ ಬಸಣ್ಣಾರ? ಸೋಮವಾರ ಹಿಡದೀರೇನ್ರಿ? ನಂಗ ಗೊತ್ತಿರಲಿಲ್ಲಲ್ರಿ, ನಿಂದರ್ರಿ," ಎಂದು ಓಡಿ ಹೋಗಿ ನಾಲ್ಕು ಬಾಳೆಹಣ್ಣು ತಂದು ಕೈಗಿಟ್ಟ.

ತಿರುಗಿ ಬರುವಾಗ ಜೀಪು ಗೋಕಾಕದ ಒಂದು ಹೋಟೆಲಿನ ಮುಂದೆ ನಿಂತಿತು. ಹೊಟ್ಟೆ ಸರಿಯಿಲ್ಲದ ಹೆಡ್‌ಕ್ಲಾರ್ಕರು ಆರು ಪೂರಿ ತಿಂದರು. ಉಪವಾಸದವನು ಎಂಟು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ಕಚೇರಿಯನ್ನು ನೆನೆದಾಗ ನನಗೆ ಮೊದಲು ಕೇಳುವುದು ಆ ನಗೆಯೇ, ಅದೇ ನನ್ನ ಸಂಕಟ. ಹಳೆಯ ದಿನಗಳು ಚೆನ್ನಾಗಿದ್ದವು ಎಂದು ಮುದುಕರು ಹೇಳಿದಾಗ, ಯಾರಿಗೆ ಚೆನ್ನಾಗಿದ್ದವು ಎಂದು ಕೇಳಬೇಕು.

ದೇವರ ಹೆಸರಿನಲ್ಲಿ ಹೇಳಿದ ಸುಳ್ಳಿಗೆ ಒಂದು ತೊಡಕಿದೆ. ಹೊಟ್ಟೆನೋವು ಒಂದೇ ದಿನಕ್ಕೆ ವಾಸಿಯಾಗುತ್ತದೆ. ಸೋಮವಾರ ವಾರಕ್ಕೊಮ್ಮೆ ಬರುತ್ತದೆ. ಮುಂದಿನ ಸೋಮವಾರ ನಾನು ಬುತ್ತಿ ಬಿಚ್ಚಬೇಕೆನ್ನುವಷ್ಟರಲ್ಲಿ ಪರಸಪ್ಪ ಬಂದು ನನ್ನ ಮೇಜಿನ ಮೇಲೆ ಎರಡು ಬಾಳೆಹಣ್ಣಿಟ್ಟು ಹೋದ. ಬುತ್ತಿಯನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸಿದೆ. ಅದರ ಮುಂದಿನ ವಾರ ಕಪಾಟಿನ ಹಿಂದೆ ನಿಂತು ರೊಟ್ಟಿ ಮುರಿದೆ. ಅವನ ಚಪ್ಪಲಿಯ ಸಪ್ಪಳ ಕೇಳಿ ತುತ್ತು ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲಾದವು. ಮೂರನೆಯ ವಾರ ಹೆಂಡತಿಗೆ, ಸೋಮವಾರ ಬುತ್ತಿ ಬೇಡ ಎಂದೆ. ಆಕೆ ಅದನ್ನು ಭಕ್ತಿಯೆಂದು ತಿಳಿದಳು. ರವಿವಾರವೇ ಸಾಬೂದಾಣಿ ನೆನೆಹಾಕತೊಡಗಿದಳು. ಗಂಡ ಉಪವಾಸವಿರುವಾಗ ತಾನು ಉಣ್ಣುವುದು ಹೇಗೆಂದು ತಾನೂ ಹಿಡಿದಳು. ಪರಸಪ್ಪ ಹನ್ನೊಂದು ವರ್ಷ ಬಾಳೆಹಣ್ಣು ತಂದ. ಆಮೇಲೆ ಅವನಿಗೆ ವರ್ಗವಾಯಿತು. ನನ್ನ ಉಪವಾಸಕ್ಕೆ ವರ್ಗವಾಗಲಿಲ್ಲ, ನಿವೃತ್ತಿಯೂ ಸಿಗಲಿಲ್ಲ. ಓಣಿಯಲ್ಲಿ ನನಗೆ ದೈವಭಕ್ತನೆಂದು ಹೆಸರು ಬಂತು. ಹೆಂಡತಿಗೆ ಈ ಸಂಗತಿಯನ್ನು ಇನ್ನೂ ಹೇಳಿಲ್ಲ. ಆಕೆಯದಾದರೂ ಖರೆ ಉಪವಾಸ, ಅದನ್ನೇಕೆ ಕೆಡಿಸಲಿ ಎಂದು ಒಂದು ನೆವ ಇಟ್ಟುಕೊಂಡಿದ್ದೇನೆ. ನೆವ ಹುಡುಕುವುದರಲ್ಲಿ ಈಗ ನಾನೇ ಹೆಡ್‌ಕ್ಲಾರ್ಕ್.

ಪೂಜಾ ಕೇಳಿದ ಪ್ರಶ್ನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಬುಧವಾರ ಘೋಡಗೇರಿಯ ಬಸ್ಸು ಹತ್ತಿದೆ. ಪರಸಪ್ಪ ಈಗ ಹೆಂಡತಿಯ ಊರಲ್ಲೇ ಮನೆ ಕಟ್ಟಿಕೊಂಡಿದ್ದಾನೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, "ಅಯ್ಯ, ಬಸಣ್ಣಾರ! ಬರ್ರಿ, ಬರ್ರಿ. ಇವತ್ತ ಮಳಿ ಬರತೈತಿ ನೋಡ್ರಿ," ಎಂದು ಕೈ ಹಿಡಿದು ಕೂಡಿಸಿದ. ಚಹಾ ಕುಡಿದೆವು. ಸಾಹೇಬರು ಹೋದದ್ದು, ಹೆಡ್‌ಕ್ಲಾರ್ಕರು ಹೋದದ್ದು, ಟೈಪ್‌ರೈಟರು ಗುಜರಿಗೆ ಹೋದದ್ದು ಎಲ್ಲ ಆಯಿತು. ಆಮೇಲೆ ಕೇಳಿದೆ.

"ಪರಸಪ್ಪಾ, ನಿನ್ನ ಮದವ್ಯಾಗ ಏನ್ ಅಡಿಗಿ ಮಾಡಿಸಿದ್ದಿ?"

ಅವನು ನಕ್ಕ. ಉತ್ತರ ಬಾಗಿಲಲ್ಲಿ ನಿಂತಿದ್ದ ಸುಜಾತಾಳಿಂದ ಬಂತು. "ಗೋದಿ ಹುಗ್ಗಿ, ಬದನಿಕಾಯಿ ಪಲ್ಯಾ, ಅನ್ನ, ಸಾರು. ಹುಗ್ಗಿ ಮಾಡಾಕ ನಿಮ್ಮ ಮಂದ್ಯಾಗಿನ ಅಡಿಗಿಯವರನ್ನ ಕರಿಸಿದ್ರು ಇವ್ರು. ಆಫೀಸಿನವ್ರು ಉಣ್ಣಲಿ ಅಂತ ಐದ ಎಲಿ ಬ್ಯಾರೆ ಹಾಕಿಸಿದ್ರು. ಕರದಾಗ ಉಣ್ಣಲಿಲ್ಲ, ಈಗ ಕರೀದ ಬಂದು ಕೇಳಾಕತ್ತೀರಿ."

"ಏ, ಬಸಣ್ಣಾರಿಗೆ ಅನಬ್ಯಾಡ," ಎಂದ ಪರಸಪ್ಪ. "ಉಳದ ನಾಕ ಮಂದಿ ಸುಳ್ಳ ಹೇಳಿದ್ರು, ಅದು ನಂಗ ಅವತ್ತ ತಿಳೀತು. ಇವರೊಬ್ರದ ಖರೆ ಇತ್ತು. ಅದಕ್ಕ ನಾ ಹಣ್ಣ ತರತಿದ್ದೆ."

ಬಿಸಿಲು ನೆತ್ತಿಗೆ ಬಂದಿತ್ತು. ಸುಮ್ಮನಿದ್ದು ಎದ್ದು ಬರಬಹುದಿತ್ತು. ಅವನ ಮನಸ್ಸಿನಲ್ಲಿ ಆ ಕಚೇರಿಯಲ್ಲಿ ಒಬ್ಬನಾದರೂ ಸರಿಯಾದ ಮನುಷ್ಯ ಉಳಿದುಕೊಳ್ಳುತ್ತಿದ್ದ. ಹೇಳಿದರೆ ನನ್ನ ಭಾರ ಇಳಿಯುತ್ತದೆ, ಅವನ ಕೈಯಲ್ಲಿದ್ದದ್ದು ಹೋಗುತ್ತದೆ. ಆದರೆ ಮಾಡದ ಒಳ್ಳೆಯತನದ ಮೇಲೆ ಇನ್ನೊಂದು ದಿನ ಕೂರಲು ನನ್ನಿಂದಾಗಲಿಲ್ಲ. ಜೀಪು, ಹಂಚಿಕೆ, ಪೂರಿ, ಕಪಾಟಿನ ಹಿಂದಿನ ರೊಟ್ಟಿ, ಎಲ್ಲ ಹೇಳಿದೆ.

ಪರಸಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದ. "ಇದನ್ನ ಹೇಳದ ಇದ್ದಿದ್ರ ಆಗ್ತಿರಲಿಲ್ಲೇನ್ರಿ?" ಎಂದ.

ನಾನು ಎದ್ದೆ. ಸುಜಾತಾ, "ಕುಂದರ್ರಿ. ಅವ್ರ ಸಿಟ್ಟು ಅವ್ರದು. ಮನಿಗೆ ಬಂದವ್ರು ಹಸದ ಹೋಗೂದು ನಂಗ ನಡ್ಯಾಂಗಿಲ್ಲ," ಎಂದು ಗಂಗಾಳ ತಂದಿಟ್ಟಳು. ಬಿಸಿ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ಒಂದೇ ಗಂಗಾಳ. ನಾನು ಪರಸಪ್ಪನ ಮುಖ ನೋಡಿದೆ.

"ನೀವ್ ಉಣ್ರಿ. ನಂಗ ಹಸಿವಿಲ್ಲ," ಎಂದ.

ಅದು ಖರೆಯೋ ನೆವವೋ ಎಂದು ಕೇಳುವ ಹಕ್ಕು ಲೋಕದಲ್ಲಿ ಯಾರಿಗಿದ್ದರೂ ನನಗಿರಲಿಲ್ಲ. ತಲೆ ತಗ್ಗಿಸಿ ಉಂಡೆ. ಕೂಡಿ ಉಣ್ಣಲೊಲ್ಲದವನ ಮುಖ ನೋಡುವುದು ಹೇಗಿರುತ್ತದೆಂದು, ಮದುವೆಯ ದಿನ ಪರಸಪ್ಪನಿಗೆ ಹೇಗಾಗಿರಬೇಕೆಂದು ಅಂದು ತಿಳಿಯಿತು. ರೊಟ್ಟಿ ಬಹಳ ರುಚಿಯಾಗಿತ್ತು, ಅದೇ ಕಷ್ಟವಾಯಿತು.

ಬಸ್‌ಸ್ಟಾಪಿನವರೆಗೆ ಪರಸಪ್ಪ ಜೊತೆಗೆ ಬಂದ. ಬಸ್ಸು ಕಂಡಾಗ, ರಸ್ತೆಯ ಕಡೆಯೇ ನೋಡುತ್ತ, "ಮುಂದಿನ ಸೋಮವಾರ ಬರ್ರಿ. ಮುಂಜಾನಿಂದ ಏನೂ ತಿನ್ನಬ್ಯಾಡ್ರಿ, ನಾನೂ ತಿನ್ನೂದಿಲ್ಲ. ಇಬ್ರೂ ಕೂಡೇ ಕುಂದರೂಣು," ಎಂದ.

ಹೇಳುವಾಗ ಅವನು ನಗಲಿಲ್ಲ. ಅದಕ್ಕೇ ಆ ಕರೆ ಖರೆಯೆಂದು ನಂಬಿಕೆ ಬಂತು.