ಉಪ್ಪು ಕಟ್ಟಿದ ಕಡ್ಡಿ, ನೀಲಗಂಗಮ್ಮನ ಬೋರ್ಡು

ಬೆಳಗಿನ ಐದೂ ಮುಕ್ಕಾಲು. ಹುಳಿಮಾವಿನ ಅಪಾರ್ಟ್‌ಮೆಂಟೊಂದರ ನೆಲದಡಿಯ ನೀರಿನ ಸಂಪಿನ ಬಾಯಿಗೆ ನೀಲಗಂಗಮ್ಮ ಬೋರಲು ಮಲಗಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ, ಬಾಯಲ್ಲಿ ಟಾರ್ಚು. ನೀರಿನ ಮಟ್ಟ ತಿಳಿಯಲು ಒಳಗೆ ಇಳಿಬಿಡುವ ಎರಡು ಸ್ಟೀಲ್ ಕಡ್ಡಿಗಳನ್ನು ಕಟ್ಟುತ್ತಿದ್ದಾರೆ. ಹೊಸ ಕಡ್ಡಿಗಳು ಚೀಲದಲ್ಲೇ ಇವೆ. ಕಟ್ಟುತ್ತಿರುವುದು ಬೋರ್‌ವೆಲ್ ನೀರಿನ ಬಿಳಿ ಉಪ್ಪು ಗಟ್ಟಿಯಾಗಿ ಅಂಟಿದ ಹಳೆಯವನ್ನು, ಅದೂ ಬೇಕೆಂದೇ.

“ಕೆಟ್ಟಿರೋದ್ನೇ ಹಾಕಿ ತೋರಿಸ್ಬೇಕು ಸಾರ್. ಚೆನ್ನಾಗಿರೋದು ಹೆಂಗಿದ್ರೂ ಓಡುತ್ತೆ” ಎಂದು ಬಾಯಿಂದ ಟಾರ್ಚು ತೆಗೆದು, ಪಕ್ಕದಲ್ಲಿ ನಿಂತ ಅಪಾರ್ಟ್‌ಮೆಂಟ್ ಕಮಿಟಿಯ ಕಾರ್ಯದರ್ಶಿಗೆ ಹೇಳುತ್ತಾರೆ.

ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರನ್ನು ತಾನಾಗಿ ಹಚ್ಚಿ ಆರಿಸುವ ಬೋರ್ಡು ಅವರದೇ ಕೈಕೆಲಸ. ಕಳೆದ ತಿಂಗಳು ಆ ಬೋರ್ಡಿನಿಂದಲೇ ಮೋಟಾರು ಸುಟ್ಟಿತು. ಇವತ್ತೂ ತಪ್ಪಿದರೆ ಬೋರ್ಡು ಕಿತ್ತು ಹೊರಗೆ ಎಂದು ಕಮಿಟಿ ಕಾರ್ಯದರ್ಶಿ ಸಂಜೀವಯ್ಯ ಹೇಳಿಬಿಟ್ಟಿದ್ದಾರೆ. ಇಲ್ಲಿ ಬೇಡವಾದ ಬೋರ್ಡನ್ನು ಈ ರಸ್ತೆಯಲ್ಲಿ ಇನ್ಯಾರೂ ಮುಟ್ಟುವುದಿಲ್ಲ.

ನೀಲಗಂಗಮ್ಮನಿಗೆ ನಲವತ್ತೇಳು, ಓದಿದ್ದು ಎಂಟನೇ ಕ್ಲಾಸು. ಬಿಟಿಎಂ ಲೇಔಟಿನ ಹತ್ತಡಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದಾರೆ, ದಿನಕ್ಕೆ ಎರಡು. ಗಂಡ ಕಲಿಸಿದ ಕೆಲಸ. ಆತ ತೀರಿಕೊಂಡು ಒಂಬತ್ತು ವರ್ಷ. ಬರುವ ಹತ್ತು ಮೋಟಾರಿನಲ್ಲಿ ಆರು ನೀರಿಲ್ಲದೆ ಓಡಿ ಸುಟ್ಟವು. ಅದನ್ನು ತಡೆಯುವ ಪೆಟ್ಟಿಗೆ ಎಂದು ಮಾರಿ ಹೋದವರು ಆಮೇಲೆ ಫೋನೇ ಎತ್ತುವುದಿಲ್ಲ. ಟೈ ಕಟ್ಟಿ ಬಂದವನಿಗೆ ಕಾಫಿ ಕೊಟ್ಟು ಕೂರಿಸುವ ನಾವು, ಈ ಹೆಂಗಸಿಗೆ ಮಾತ್ರ “ನಿಂಗೇನಮ್ಮ ಗೊತ್ತು” ಎನ್ನುತ್ತೇವೆ. ನಾಚಿಕೆಯಾಗಬೇಕು.

“ಒಂದೇ ಮೋಟಾರ್ ಮೂರ್ ಸಲ ಬಂತು. ನಂಗೇನೋ ಕೆಲ್ಸ ಸಿಗ್ತು, ಆದ್ರೆ ಹೊಟ್ಟೆ ಉರೀತು. ನಾನೇ ಕಲೀತೀನಿ ಅಂದೆ.”

ಅಂಗಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಗದಗಿನ ಶ್ವೇತಾ, ತಾನು ಕಾಲೇಜಿನಲ್ಲಿ ಬಳಸಿದ್ದ ಮೈಕ್ರೋಕಂಟ್ರೋಲರ್ ಬೋರ್ಡು ಕೊಟ್ಟಳು. ಬರೆದುಕೊಟ್ಟಷ್ಟೇ ಮಾಡುವ, ಬೆರಳಗಲದ ಕಂಪ್ಯೂಟರು ಅದು. ಭಾನುವಾರ ಬೆಳಗ್ಗೆ ಪಾಠ. ಹದಿನಾಲ್ಕು ತಿಂಗಳು ಹಿಡಿಯಿತು, ಐದು ಬೋರ್ಡು ಸುಟ್ಟವು. ಪ್ರೋಗ್ರಾಮಿನೊಳಗಿನ ಆಜ್ಞೆಗಳ ಹೆಸರಿಗೆಲ್ಲ ನೀಲಗಂಗಮ್ಮ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದರು. ಬೋರ್ಡಿನ ಚಿಪ್ ಸ್ವಲ್ಪ ಹೊತ್ತು ಕಾಯಬೇಕಾದ ಕಡೆಯಲ್ಲೆಲ್ಲ ‘ಸುಮ್ನಿರು’ ಎಂದಿದೆ.

“ಆಂಟಿ, ಚಿಪ್ಪಿಗೂ ಬೈತೀರೇನ್ರೀ?” ಎಂದು ಶ್ವೇತಾ ನಕ್ಕಿದ್ದಳಂತೆ.

“ನಿಮ್ಮ ಇಂಗ್ಲಿಷ್‌ಗೆ ಅದು ಕೇಳ್ತಿರ್ಲಿಲ್ವಲ್ಲಮ್ಮ!”

ಕಳೆದ ತಿಂಗಳು ತಪ್ಪಿದ್ದು ಪ್ರೋಗ್ರಾಮಿನಲ್ಲಲ್ಲ, ಬಕೆಟ್ಟಿನಲ್ಲಿ. ಅಂಗಡಿಯಲ್ಲಿ ಪರೀಕ್ಷೆ ಮಾಡಿದ್ದು ಬಕೆಟ್ಟಿಗೆ ಹಿಡಿದ ನಲ್ಲಿಯ ಕಾವೇರಿ ನೀರಿನಲ್ಲಿ, ಇಲ್ಲಿಗೆ ಟ್ಯಾಂಕರು ತರುವುದು ಬೋರ್‌ವೆಲ್ ನೀರು. ಕಡ್ಡಿಯಿಂದ ಕಡ್ಡಿಗೆ ಕರೆಂಟು ಹರಿದರೆ ನೀರಿದೆ ಎಂದು ಬೋರ್ಡಿನ ಲೆಕ್ಕ. ಕಡ್ಡಿಗಳ ನಡುವೆ ಉಪ್ಪು ಬೆಳೆದು, ಒದ್ದೆ ಉಪ್ಪಿನಲ್ಲೇ ಕರೆಂಟು ಹರಿದು, ಖಾಲಿ ಸಂಪಿನಲ್ಲೂ ನೀರಿದೆ ಎಂದು ಬೋರ್ಡು ನಂಬಿತು. ಎರಡು ಗಂಟೆ ನೀರಿಲ್ಲದೆ ಓಡಿದ ಮೋಟಾರು ಕರಕಲಾಯಿತು. ಅದಕ್ಕೆ ತಂತಿ ಸುತ್ತಿದವರೂ ಇವರೇ.

ಸುತ್ತುವಾಗಲೇ ಉಪಾಯ ಹೊಳೆಯಿತು. ನೀರಿಲ್ಲದ ಮೋಟಾರು ಹಗುರವಾಗಿ ಓಡುತ್ತದೆ, ಕರೆಂಟು ಕಡಿಮೆ ಎಳೆಯುತ್ತದೆ. ನೀಲಗಂಗಮ್ಮ ಇದನ್ನು ಸದ್ದಿನಲ್ಲೇ ಹೇಳಬಲ್ಲರು. ಈಗ ಕರೆಂಟು ಅಳೆಯುವ ಸಣ್ಣ ಸುರುಳಿಯೊಂದನ್ನು ಮೋಟಾರಿನ ವೈರಿಗೆ ಹಾಕಿ, ಕಡ್ಡಿ ಏನೇ ಹೇಳಿದರೂ ಸುರುಳಿಯ ಮಾತೇ ಕೊನೆ ಎಂದು ಪ್ರೋಗ್ರಾಮು ತಿದ್ದಿದ್ದಾರೆ.

ಆರು ಗಂಟೆ. ಸಂಪು ಖಾಲಿ, ಟ್ಯಾಂಕರು ಇನ್ನೂ ಬಂದಿಲ್ಲ. ಒದ್ದೆ ಉಪ್ಪಿನ ಕಡ್ಡಿ ನೀರಿದೆ ಎನ್ನುತ್ತದೆ, ಮೋಟಾರು ಹೊರಡುತ್ತದೆ. ಸಂಜೀವಯ್ಯನ ಕೈ ಸ್ವಿಚ್ಚಿಗೆ ಹೋಗುತ್ತದೆ.

“ಇನ್ನೊಂದ್ ಸಲ ಸುಟ್ರೆ ಫ್ಲ್ಯಾಟಿನೋರೆಲ್ಲ ನನ್ನ ಸುಡ್ತಾರಮ್ಮ!”

“ಹತ್ತು ಸೆಕೆಂಡು ಸಾರ್. ಕೈ ತೆಗೀರಿ.”

ಆರು, ಏಳು, ಎಂಟು. ನೀಲಗಂಗಮ್ಮ ಮೋಟಾರನ್ನು ನೋಡುತ್ತಿಲ್ಲ, ತಲೆ ಬಗ್ಗಿಸಿ ಕೇಳುತ್ತಿದ್ದಾರೆ. ಹತ್ತಕ್ಕೆ ಪೆಟ್ಟಿಗೆಯೊಳಗೆ ಟಕ್ ಎಂದು ಸದ್ದಾಗುತ್ತದೆ. ಮೋಟಾರು ನಿಲ್ಲುತ್ತದೆ. ಸಂಜೀವಯ್ಯ ಇನ್ನೂ ಎರಡು ಸಲ ಹಚ್ಚಿಸುತ್ತಾರೆ. ಎರಡು ಸಲವೂ ಹತ್ತಕ್ಕೇ ನಿಲ್ಲುತ್ತದೆ.

ಆಮೇಲೆ ಕಮಿಟಿಯ ರಿಜಿಸ್ಟರು ತೆರೆದು, “ಯಾವ್ ಕಂಪನೀದು ಅಂತ ಬರ್ಕೊಳ್ಲಮ್ಮ?” ಎನ್ನುತ್ತಾರೆ.

“ಕಂಪನಿ ಎಲ್ಲಿ ಸಾರ್? ನೀಲಗಂಗಮ್ಮ ಅಂತ ಬರ್ಕೊಳ್ಳಿ. ಫೋನ್ ನಂಬರೂ ಹಾಕಿ, ಎತ್ತುತ್ತೀನಿ.”