ಚೈನಿನ ಕಡೆಯ ಥ್ರೆಡ್ಡು

ತಿಪಟೂರಿನಲ್ಲಿ ನನ್ನದು ಸೈಕಲ್ ಷಾಪು. ಕೊಬ್ಬರಿ ಮಂಡಿಗೆ ಬರುವವರ ಗಾಡಿಗಳೆಲ್ಲ ನನ್ನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೂ ನಟ್ಟನ್ನು ಬೆರಳಲ್ಲಿ ಹೊರಳಿಸಿ, ಅದು ಯಾವ ಬೋಲ್ಟಿನದೆಂದು ಹೇಳಿಬಿಡುತ್ತಿದ್ದೆ. ಆ ಜಂಬ ಚೆನ್ನಾಗಿಯೇ ಇತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ರಿಟೈರಾದ ರೈಲ್ವೆ ಗುಮಾಸ್ತರೊಬ್ಬರು ಹಳೇ ಫ್ರೆಂಚ್ ಸೈಕಲ್ ತಳ್ಳಿಕೊಂಡು ಬಂದರು. ಪಾಂಡಿಚೇರಿಯಲ್ಲಿ ತೀರಿಕೊಂಡ ಅವರ ಅಣ್ಣನದು. ಅದನ್ನು ತುಳಿದುಕೊಂಡು ಶೆಟ್ಟಿಕೆರೆಯ ತೋಟಕ್ಕೆ ಒಂದು ಸಲವಾದರೂ ಹೋಗಬೇಕೆಂಬುದು ಅವರ ಆಸೆ.

ನಮ್ಮ ಕಡೆಯ ನಟ್ಟು ಒಂದೂ ಅದಕ್ಕೆ ಕೂರಲಿಲ್ಲ. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತಿತ್ತು. ಹಳೇ ಸಾಮಾನಿನ ಡಬ್ಬವೆಲ್ಲ ಸುರಿದು ಹುಡುಕಿ, ಸಿಗದ್ದನ್ನು ಲೇತಿನಲ್ಲಿ ಕೊರೆಸಿ ಹೊಂದಿಸಿದೆ. ಕೊನೆಗೆ ಪೆಡಲಿನ ಆಕ್ಸೆಲ್ ಕೂರುವ ಎರಡು ಬೇರಿಂಗ್ ಕಪ್ ಬಿಚ್ಚಬೇಕಿತ್ತು. ಎಡಗಡೆಯದು ಸಲೀಸಾಗಿ ಬಂತು.

ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಕಾಗದ ತೆಗೆದರು. ಪಾಂಡಿಚೇರಿಯ ಷಾಪಿನವರು ಇಂಗ್ಲಿಷಿನಲ್ಲಿ ಬರೆದದ್ದು.

"ಬಿಚ್ಚೋ ಬಗೆ ಬರ್ದವ್ರೆ. ಓದಿ ಹೇಳ್ಲೇನಪ್ಪ?"

"ಬುಡಿ ಸಾರ್. ಕಾಗದ ನೋಡಿ ಕೆಲ್ಸ ಕಲ್ತೋನಲ್ಲ ನಾನು."

ಅವರು ಮಡಚಿ ಇಟ್ಟುಕೊಂಡು ಹೊರಟರು.

ನಮ್ಮ ಸೈಕಲ್ಲುಗಳಲ್ಲಿ ಚೈನಿನ ಕಡೆಯ, ಅಂದರೆ ಬಲಗಡೆಯ ಕಪ್‌ಗೆ ಉಲ್ಟಾ ಥ್ರೆಡ್ಡು. ಬೇರೆ ನಟ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಹಾಗೇ ತಿರುಗಿಸಿದೆ. ಜಗ್ಗಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಮೈಭಾರವೆಲ್ಲ ಬಿಟ್ಟೆ. ಟಣ್ ಅಂತು. ಕಪ್ ಕೂರುವ ಫ್ರೇಮಿನ ಭಾಗವೇ ಸೀಳಿಹೋಗಿತ್ತು. ಕಳಚಿ ಬಂದ ಕಪ್ ಮೇಲೆ ಉಗುರು ಓಡಿಸಿ ನೋಡಿದೆ. ಎಡಗಡೆಯದರ ಹಾಗೇ ನೇರ ಥ್ರೆಡ್ಡು. ನಾನು ಇಷ್ಟು ಹೊತ್ತು ಬಿಚ್ಚುವ ಬದಲು ಬಿಗಿಯುತ್ತಿದ್ದೆ. ಇನ್ನು ವೆಲ್ಡಿಂಗ್ ಮಾಡಿಸಿದರೂ ಅಲ್ಲಿ ಕಪ್ ನಿಲ್ಲುವಂತಿರಲಿಲ್ಲ.

ಸಾಯಂಕಾಲ ಅವರು ಬಂದಾಗ ನನ್ನ ಬಾಯಲ್ಲಿ ಬಂದದ್ದು ಬೇರೆಯೇ.

"ಒಳಗೆಲ್ಲ ತುಕ್ಕು ತಿಂದಿತ್ತು ಸಾರ್. ಕೈ ಹಾಕಿದ್ಕೇ ಸೀಳೋಯ್ತು."

ಒಳಗೆ ಚೂರೂ ತುಕ್ಕಿರಲಿಲ್ಲ. ಆ ಅಣ್ಣ ಗ್ರೀಸು ತುಂಬಿ ಹೊಸದರಂತೆ ಇಟ್ಟುಕೊಂಡಿದ್ದರು. ಇವರು ಸೀಟಿನ ಮೇಲೆ ಕೈಯಿಟ್ಟರು.

"ನಮ್ಮಣ್ಣ ಕೊನೆಕೊನೆಗೆ ಸರಿಯಾಗಿ ನೋಡ್ಕೊಂಡಿಲ್ಲ ಅಂತ ಕಾಣ್ತದೆ. ನಿಂಗೆ ಸುಮ್ನೆ ತೊಂದ್ರೆ ಕೊಟ್ಟೆ ಕಣಪ್ಪ."

ಹಂಗಲ್ಲ ಸಾರ್ ಎನ್ನುವಷ್ಟು ಹೊತ್ತು ನನಗಿತ್ತು. ಗ್ರೀಸು ನನ್ನ ಕೈಗೇ ಮೆತ್ತಿಕೊಂಡಿತ್ತು. ಆದರೂ, ವಯಸ್ಸಾದೋರು ಎಲ್ಲಿ ನೋಡ್ಕೊಂಡಾರು ಬುಡಿ ಎಂದು ನಾನೂ ಅವರ ಮಾತಿಗೆ ಮಾತು ಸೇರಿಸಿದೆ.