ಹುಲ್ಲು ಬೆಳೆದ ಒಂಬತ್ತು ವರ್ಷ

ನನ್ನ ಸೋದರಮಾವ ಅರಣ್ಯ ಕಾವಲುಗಾರ. ಗುಡ್ಡದ ಹುಲ್ಲಿನ ನಡುವೆ ತಾನಾಗಿ ಹುಟ್ಟಿದ ಒಂದೊಂದು ಸಸಿಗೂ ತಗಡಿನ ಬಿಲ್ಲೆ ಕಟ್ಟಿ ನಂಬರು ಕೊಡುತ್ತಿದ್ದ. ಹಾಗಾಗಿ ಊರವರಿಗೆ ಅವನು ಬಿಲ್ಲೆ, ನನಗೆ ಬಿಲ್ಲೆಮಾವ. ಸಸಿ ಅವನ ಎದೆಮಟ್ಟ ದಾಟಿದರೆ ಪಾಸು. ಅಲ್ಲಿಯವರೆಗೆ ದನದ ಬಾಯಿಯೂ ಯಮ, ಬೆಂಕಿಯೂ ಯಮ. ಗುಡ್ಡ ಮತ್ತೆ ಕಾಡಾಗುವುದನ್ನು ಕಂಡೇ ಕೆಲಸ ಬಿಡುತ್ತೇನೆ ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಸಸಿಯ ಮಾತು ಬಂದಾಗ ಮಾತ್ರ ಅವನ ಮುಖದಲ್ಲಿ ನಗು ಕಾಣುತ್ತಿತ್ತು, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೆ ಕಾರಣವಿತ್ತು. ಅದೇ ಗುಡ್ಡದಲ್ಲಿ ಅಮ್ಮ ಹದಿನಾಲ್ಕು ದನ ಮೇಯಿಸುತ್ತಿದ್ದಳು. ಚಳಿ ಮುಗಿಯುವ ಮೊದಲು, ಇಬ್ಬನಿ ಇನ್ನೂ ಆರದ ಬೆಳಿಗ್ಗೆ, ಹೊಸ ಮೇವು ಚಿಗುರಲೆಂದು ಒಣಹುಲ್ಲಿಗೆ ಅಲ್ಲಲ್ಲಿ ಸಣ್ಣಗೆ ಬೆಂಕಿ ಕೊಡುತ್ತಿದ್ದಳು. ಆ ಬೆಂಕಿ ಮೊಣಕಾಲಿಗಿಂತ ಮೇಲೇಳುತ್ತಿರಲಿಲ್ಲ. ದನಗಳು ಸಸಿ ಕಚ್ಚುತ್ತಿದ್ದದ್ದೂ ನಿಜ, ನಾನೇಕೆ ಸುಳ್ಳು ಹೇಳಲಿ. ಒಂದು ದಿನ ಪಾಸಾಗಲು ಗೇಣುದ್ದ ಬಾಕಿಯಿದ್ದ ಇಪ್ಪತ್ತು ಸಸಿಗಳ ತುದಿ ಹೋಗಿತ್ತು. ಮಾವ ಗುಡ್ಡಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದ.

"ದನ ನಾಲ್ಕು ಸಸಿ ತಿಂದ್ರೆ ನಲವತ್ತು ಹೊರೆ ಹುಲ್ಲು ತಿನ್ನುತ್ತೆ ಕಣೋ. ಅಷ್ಟು ಹುಲ್ಲು ಒಣಗಿ ನಿಂತ್ರೆ ಏನಾಗುತ್ತೆ ಗೊತ್ತಾ?" ಅಂದಳು ಅಮ್ಮ.

"ಬೆಂಕಿ ಬೀಳದ ಹಾಗೆ ನಾನ್ ನೋಡ್ಕೋತೀನಿ. ನೀನು ನಿನ್ ದನ ನೋಡ್ಕೋ ಅಕ್ಕ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವತ್ತಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಅವನು ಗುಡ್ಡದ ಚೌಕಿಯಲ್ಲೇ ಅಡುಗೆ ಮಾಡಿಕೊಂಡು ಉಳಿದ, ನಮ್ಮ ಹೊಸ್ತಿಲು ತುಳಿಯಲಿಲ್ಲ.

ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ. ಸಾವಿರದ ಇನ್ನೂರು ಬಿಲ್ಲೆಗಳಾದವು. ಸಾಹೇಬರು ಬೆನ್ನು ತಟ್ಟಿದರು. ಹಳೆಯ ಹುಲ್ಲಿನ ಮೇಲೆ ಹೊಸ ಹುಲ್ಲು ಎದ್ದು ಅವನ ತಲೆಯನ್ನೂ ದಾಟಿತು. ಅದನ್ನು ಅವನು ಬರೆಯಲಿಲ್ಲ. ಇಲಾಖೆಯ ನಮೂನೆಯಲ್ಲಿ ಸಸಿಗೆ ಐದು ಕಾಲಂ ಇದ್ದವು, ಹುಲ್ಲಿಗೆ ಒಂದೂ ಇರಲಿಲ್ಲ.

ಬೆಂಕಿ ಬಿದ್ದದ್ದು ಕಡುಬೇಸಿಗೆಯ ಮಟಮಟ ಮಧ್ಯಾಹ್ನ, ಗಾಳಿ ಜೋರಾಗಿದ್ದ ಹೊತ್ತಿನಲ್ಲಿ. ಯಾರ ಬೀಡಿಯೋ, ಎಲ್ಲಿಯ ಕಿಡಿಯೋ. ಮಾವ ಹಸಿ ಕೊಂಬೆ ಮುರಿದುಕೊಂಡು ಬಡಿಯಲು ಓಡಿದ. ಜ್ವಾಲೆ ಮರದೆತ್ತರ ಇತ್ತು. ಜೊತೆಯವರು ಅವನನ್ನು ಎಳೆದು ತರುವಷ್ಟರಲ್ಲಿ ಎರಡೂ ಕೈ ಬೆಂದಿದ್ದವು. ಎದೆಮಟ್ಟ ದಾಟಿದ್ದ ಸಸಿಗಳೂ ಬುಡದವರೆಗೆ ಸುಟ್ಟವು. ಗುಡ್ಡದ ತುಂಬ ಬೂದಿ, ಬೂದಿಯಲ್ಲಿ ಬಿಲ್ಲೆಗಳು.

ಮಳೆ ಬಿದ್ದ ಮೇಲೆ ಕೆಲವು ಬುಡಗಳು ಚಿಗುರಿದವು. ಅವಕ್ಕಿಂತ ಮೊದಲೇ ಹುಲ್ಲು ಎದ್ದಿತ್ತು. ಆ ವಾರ ಮಾವ ನಮ್ಮ ಅಂಗಳಕ್ಕೆ ಬಂದು ನಿಂತ.

"ಅಕ್ಕ, ಗೇಟು ತೆಗೆದಿದೀನಿ. ದನ ಹೊಡ್ಕೊಂಡ್ ಬಾ. ಚಿಗುರಿರೋ ಕಡೆ ನಾನೇ ನಿಂತು ತಡೀತೀನಿ, ಉಳಿದದ್ದು ಮೇಯ್ಲಿ."

ಅಮ್ಮ ಅವನ ತೋಳು ಹಿಡಿದು ಕೊಟ್ಟಿಗೆಗೆ ಕರೆದೊಯ್ದಳು. ಒಳಗೆ ನನ್ನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಸುಣ್ಣ ಬಳಿದ ಗೋಡೆ.

"ಕೊನೇ ಹಸು ಹೋಗಿ ಆರು ವರ್ಷ ಆಯ್ತು. ಮೇವಿಲ್ದೆ ಒಂದೊಂದಾಗಿ ಕೊಟ್ಬಿಟ್ಟೆ."

"ಆಚೆ ಗುಡ್ಡದಲ್ಲಿ ಮೇಯಿಸ್ತಿದೀಯ ಅಂದ್ಕೊಂಡಿದ್ದೆ" ಎಂದ ಮಾವ.

ಹುಲ್ಲು ತಾನೇ ಕೊಯ್ಯಲೆಂದು ಸೂರಿಗೆ ಸಿಕ್ಕಿಸಿದ್ದ ಕುಡುಗೋಲನ್ನು ಎಳೆದ. ಬೆಂದು ಸೆಟೆದ ಬೆರಳುಗಳು ಹಿಡಿಯ ಸುತ್ತ ಮಡಚಲಿಲ್ಲ, ಕುಡುಗೋಲು ಜಾರಿ ಬಿತ್ತು. ಒಂಬತ್ತು ವರ್ಷ ಅವನನ್ನು ಬೈದುಕೊಂಡೇ ಇದ್ದ ನನಗೆ ಅವತ್ತು ಅಳು ತಡೆಯಲಾಗಲಿಲ್ಲ. ಅಮ್ಮ ಕುಡುಗೋಲನ್ನು ಎತ್ತಿಕೊಂಡು ಸೆರಗು ಸಿಕ್ಕಿಸಿದಳು.

"ಎಲ್ಲಿದೆ ಚಿಗುರು, ನಡಿ, ತೋರ್ಸು."

ಆ ವರ್ಷ ಅಮ್ಮ ಸುತ್ತಲಿನ ಹುಲ್ಲು ಕೊಯ್ದು ಬಿಡಿಸಿದ್ದು ಹದಿನೇಳು ಬುಡ. ಮುಂದಿನ ಬೇಸಿಗೆಯಲ್ಲಿ ಗುಡ್ಡ ಮತ್ತೆ ಹೊತ್ತಿಕೊಂಡಿತು. ಹದಿನೇಳರಲ್ಲಿ ಉಳಿದದ್ದು ಮೂರು. ಮಾವ ಆ ತಿಂಗಳೇ ಕೆಲಸ ಬಿಟ್ಟ.